ಅಪ್ರದಕ್ಷಿಣೆ

ಕನ್ನಡ ನಾಡಿನಲ್ಲಿ ಹುಟ್ಟಿದ ಮನುಷ್ಯನಿಗೆ ಸುತ್ತುವುದನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಅವನು ಗುಡಿಯನ್ನು ಸುತ್ತುತ್ತಾನೆ, ಅರಳೀಕಟ್ಟೆಯನ್ನು ಸುತ್ತುತ್ತಾನೆ, ಸುಗ್ಗಿಗೆ ಮುನ್ನ ತನ್ನ ಹೊಲವನ್ನು ತಾನೇ ಸುತ್ತುತ್ತಾನೆ; ಕಾಗದಪತ್ರಗಳ ಕೆಲಸ ಬಿದ್ದಾಗ ಕಚೇರಿಗಳನ್ನೂ ಸುತ್ತುತ್ತಾನೆ. ಈ ಕಡೆಯದೊಂದನ್ನು ಬಿಟ್ಟರೆ ಮಿಕ್ಕ ಎಲ್ಲಕ್ಕೂ ನಿಯಮ ಒಂದೇ: ಯಾವುದನ್ನು ಸುತ್ತುತ್ತೇವೆಯೋ ಅದು ಬಲಗಡೆಗಿರಬೇಕು. ಎಡಕ್ಕಿಟ್ಟುಕೊಂಡು ಸುತ್ತಿದರೆ ಅದು ಅಪ್ರದಕ್ಷಿಣೆ. ಶುಭಕಾರ್ಯದಲ್ಲಿ ಹಾಗೆ ಯಾರಾದರೂ ಒಂದು ಹೆಜ್ಜೆ ಇಟ್ಟರೂ ಸಾಕು, ಮನೆಯ ಹಿರಿಯರು ಅಲ್ಲಿಂದಲೇ ಕೂಗಿ ತಿದ್ದುತ್ತಾರೆ.

ಹೀಗಿರುವಾಗ ಸಾವಿರಾರು ಜನ ಪ್ರತಿವರ್ಷವೂ ಒಂದು ದೊಡ್ಡ ಸರೋವರವನ್ನು ಬೇಕೆಂದೇ ಎಡಕ್ಕಿಟ್ಟುಕೊಂಡು ಸುತ್ತುತ್ತಾರೆ, ಅದೂ ಸೈಕಲ್ಲಿನ ಮೇಲೆ, ಎಂದರೆ ಕಲಬುರಗಿಯ ನಿವೃತ್ತ ಹೆಡ್ಮಾಸ್ತರೊಬ್ಬರಿಗೆ ಹುಬ್ಬು ಗಂಟಾದುದರಲ್ಲಿ ಆಶ್ಚರ್ಯವಿಲ್ಲ. ಸರೋವರ ಇರುವುದು ಜಪಾನಿನಲ್ಲಿ. ಹೆಸರು ಬಿವಾ. ಅಲ್ಲಿನ ಸರೋವರಗಳಲ್ಲೆಲ್ಲ ಅದೇ ದೊಡ್ಡದು. ಹರವು ಸುಮಾರು 670 ಚದರ ಕಿಲೋಮೀಟರು, ಅತಿ ಆಳವಾದೆಡೆ ನೂರು ಮೀಟರಿಗೂ ಮಿಕ್ಕ ನೀರು. ವಯಸ್ಸನ್ನು ಸುಮಾರು 40 ಲಕ್ಷ ವರ್ಷವೆಂದು ಭೂವಿಜ್ಞಾನಿಗಳು ಎಣಿಸಿದ್ದಾರೆ. ಅದರ ದಡವನ್ನು ಹಿಡಿದು ಒಂದು ಸುತ್ತು ಬರಲು ಸೈಕಲ್ಲಿನವರು ತುಳಿಯಬೇಕಾದ ದೂರ ಸುಮಾರು 200 ಕಿಲೋಮೀಟರು. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಸಂಸಾರಸ್ಥರು ಎರಡು ಮೂರು ದಿನ ಮಾಡಿಕೊಂಡು ನಡುನಡುವೆ ಉಳಿದು, ಉಂಡು, ಪಟ ತೆಗೆಸಿಕೊಂಡು ಬರುತ್ತಾರೆ. ಆ ಸುತ್ತಿಗೆ ಅಲ್ಲಿಯವರು ‘ಬಿವಾಇಚಿ’ ಎಂದು ಮುದ್ದಿನ ಹೆಸರಿಟ್ಟಿದ್ದಾರೆ. ‘ಬಿವಾ ಒಂದು ಸುತ್ತು’ ಎಂದಷ್ಟೇ ಅದರ ಅರ್ಥ. 2019ರಲ್ಲಿ ಜಪಾನ್ ಸರ್ಕಾರ ರಾಷ್ಟ್ರೀಯ ಸೈಕಲ್ ಮಾರ್ಗಗಳೆಂದು ಮೊದಲು ಆರಿಸಿದ ಮೂರರಲ್ಲಿ ಇದೂ ಒಂದು. ರಸ್ತೆಯ ಅಂಚಿನಲ್ಲಿ ಉದ್ದಕ್ಕೂ ನೀಲಿ ಬಣ್ಣದ ಗುರುತು ಹಾಕಿದ್ದಾರೆ. ಅದನ್ನು ಹಿಡಿದು ಹೋದರೆ ದಾರಿ ತಪ್ಪುವ ಭಯವಿಲ್ಲ.

ಹೆಡ್ಮಾಸ್ತರಿಗೆ ಈ ವಿಷಯ ತಿಳಿದದ್ದು ಪುಸ್ತಕದಿಂದಲ್ಲ. ಅವರ ಒಬ್ಬಳೇ ಮಗಳು ಆ ಸರೋವರದ ದಕ್ಷಿಣ ತುದಿಯ ಓತ್ಸು ಎಂಬ ಊರಿನಲ್ಲಿ ಮನೆ ಮಾಡಿಕೊಂಡು, ಕ್ಯೋತೋ ನಗರದ ಒಂದು ಕಂಪನಿಗೆ ರೈಲಿನಲ್ಲಿ ಹೋಗಿಬಂದು ಮಾಡುತ್ತಿದ್ದಳು. ಹೋಗಿ ಮೂರು ವರ್ಷವಾಗಿತ್ತು. ಆ ಮೂರು ವರ್ಷಗಳಲ್ಲಿ ತಂದೆಯೂ ಮಗಳೂ ನೇರವಾಗಿ ಆಡಿದ ಮಾತುಗಳನ್ನು ಬೆರಳು ಮಡಿಚಿ ಎಣಿಸಬಹುದಾಗಿತ್ತು.

ಕಾರಣ ಹೊಸದೇನಲ್ಲ, ಓದುಗರಲ್ಲಿ ಹಲವರು ತಮ್ಮ ಬೀದಿಯಲ್ಲೇ, ಒಮ್ಮೊಮ್ಮೆ ತಮ್ಮ ಮನೆಯಲ್ಲೇ ಕಂಡದ್ದು. ಹುಮನಾಬಾದಿನ ಕಡೆಯ ಬಳಗದಲ್ಲಿ ಒಬ್ಬ ಯೋಗ್ಯ ವರನಿದ್ದ. ಹೆಡ್ಮಾಸ್ತರು ಮಾತು ಕೊಟ್ಟು ಬಂದರು. ಮಗಳು ಒಲ್ಲೆನೆಂದಳು. ವರನಲ್ಲಿ ಅವಳು ಕಂಡ ದೋಷವೇನೂ ಇರಲಿಲ್ಲ. ತನ್ನನ್ನು ಕೇಳಲಿಲ್ಲವೆಂಬುದೊಂದೇ ಅವಳ ದೂರು. ಎರಡು ತಿಂಗಳಲ್ಲಿ ಜಪಾನಿನ ಕೆಲಸದ ಕಾಗದ ಬಂತು, ಹೊರಟುಹೋದಳು. ತಂದೆ ವಿಮಾನ ನಿಲ್ದಾಣದವರೆಗೆ ಹೋದರು, ಪೆಟ್ಟಿಗೆ ಇಳಿಸಿಕೊಟ್ಟರು, ಮಾತಾಡಲಿಲ್ಲ. ಅಂದಿನಿಂದ ಮನೆಯಲ್ಲಿ ತಾಯಿಯೇ ಟೆಲಿಫೋನ್ ಎಕ್ಸ್‌ಚೇಂಜು. ಭಾನುವಾರ ಸಂಜೆ ಮಗಳು ಕರೆ ಮಾಡುವಳು. ಹೆಡ್ಮಾಸ್ತರು ಎದುರಿನ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕುಳಿತು, “ಉಂಡಾಳೇನಂತ ಕೇಳು” ಎನ್ನುವರು. ಆ ಕಡೆಯಿಂದ, “ಅಪ್ಪಗ ಸಕ್ಕರೆ ಎಷ್ಟ್ ಅದ ಕೇಳವ್ವ” ಎಂದು ಬರುವುದು. ಇಬ್ಬರ ಕಿವಿಗೂ ಇಬ್ಬರ ದನಿಯೂ ಕೇಳುತ್ತಿತ್ತು. ಆದರೂ ತಾಯಿ ಎರಡು ಸಲವೂ ಅದನ್ನು ಮರುನುಡಿಯಲೇಬೇಕು. ಇಲ್ಲದಿದ್ದರೆ ಉತ್ತರ ಬರುತ್ತಿರಲಿಲ್ಲ.

ಒಂದು ಭಾನುವಾರ ಮಗಳು ತಾಯಿಯ ಫೋನಿಗೆ ಒಂದು ಚಿತ್ರ ಕಳಿಸಿದಳು. ಕಪ್ಪು ರಸ್ತೆ, ಅಂಚಿಗೆ ನೀಲಿ ಗುರುತು, ಎಡಕ್ಕೆ ಕಣ್ಣು ಮುಟ್ಟದಷ್ಟು ನೀರು, ಮುಂದೆ ಒಂದು ಸೈಕಲ್ಲಿನ ಹ್ಯಾಂಡಲು. ತಾಯಿ ಕನ್ನಡಕ ಏರಿಸಿ ನೋಡಿ, ಗಂಡನ ಮುಂದೆ ಹಿಡಿದರು. ಹೆಡ್ಮಾಸ್ತರು ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಕಣ್ಣಿನಿಂದ ನೋಡಿದರು.

“ಅಪ್ರದಕ್ಷಿಣೆ ಹಾಕ್ಲಾಕತ್ತಾಳ. ಹಾಕಬಾರ್ದಂತ ಹೇಳು.”

ಮಗಳು ಆ ಸಲ ತಾಯಿಯ ಮರುನುಡಿಗೆ ಕಾಯಲಿಲ್ಲ. “ಅಪ್ಪಾ, ಅಲ್ಲಿ ಗಾಡಿ ಎಡಕ್ಕ ಹೋಗ್ತಾವ್ರಿ, ನಮ್ಮಲ್ಲಿದ್ದಂಗೇ. ನೀರು ಎಡಕ್ಕಿದ್ರ ನಾ ನೀರಿನ ದಂಡ್ಯಾಗ ಇರ್ತೀನಿ. ಬಲಕ್ಕಿದ್ರ ನಡುವ ಎಲ್ಲಾ ಲಾರಿ.”

ಇದು ಲೆಕ್ಕಕ್ಕೆ ನಿಂತ ಮಾತು, ಹೆಡ್ಮಾಸ್ತರೋ ಗಣಿತದವರು. ಲೆಕ್ಕ ಸರಿಯಾಗಿದ್ದರೆ ಯಾರದೇ ಆಗಲಿ ‘ಸರಿ’ ಎಂದು ಗುರುತು ಹಾಕುವುದು ಅವರ ಅಭ್ಯಾಸ. ಅವರು ಪತ್ರಿಕೆಯನ್ನು ಮಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸರೋವರದ ಸುತ್ತಳತೆ ಎಷ್ಟೆಂದು ಕೇಳಿದರು. ಕೇಳಿದ್ದು ಮಗಳನ್ನೇ.

ಹೆಡ್ಮಾಸ್ತರಿಗೂ ಸೈಕಲ್ಲಿಗೂ ಇದ್ದ ಸಂಬಂಧ ಇಂದು ನಿನ್ನೆಯದಲ್ಲ. ಅವರು ಕಮಲಾಪುರದವರು. ಕಲಬುರಗಿಯಿಂದ ಹುಮನಾಬಾದಿನ ರಸ್ತೆ ಹಿಡಿದು, ಮಹಾಗಾಂವ ಕ್ರಾಸನ್ನು ದಾಟಿ ಹೋದರೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿರುವ ಊರು. ಈಗ ತಾಲ್ಲೂಕು ಕೇಂದ್ರವೂ ಹೌದು. ಕೆಂಪು ಬಾಳೆಹಣ್ಣು ಎಂದರೆ ಈ ಸೀಮೆಯಲ್ಲಿ ಕಮಲಾಪುರದ್ದೇ. ಸಿಪ್ಪೆ ಕೆಂಪು, ಒಳಗೆ ಕೆನೆಬಣ್ಣ, ಪರಿಮಳ ಬೇರೆ. ಗಿಡ ನೆಟ್ಟು ಹಣ್ಣು ಕೊಯ್ಯಲು ಒಂದೂವರೆ ವರ್ಷದ ತಾಳ್ಮೆ ಬೇಕು. ಅದಕ್ಕೇ ಬೆಲೆ ಹೆಚ್ಚು, ಬೆಳೆಯುವವರು ಕಡಿಮೆ. ಭೌಗೋಳಿಕ ಗುರುತಿನ ಮನ್ನಣೆಯೂ ಅದಕ್ಕೆ ದೊರೆತಿದೆ. 1970ರ ದಶಕದಲ್ಲಿ ಹೆಡ್ಮಾಸ್ತರು, ಆಗಿನ್ನೂ ಹುಡುಗ, ಆಗಿನ ಗುಲಬರ್ಗಾದಲ್ಲಿ ಕೋಣೆ ಹಿಡಿದು ಓದುತ್ತಿದ್ದರು. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದೊಡನೆ ಅಟ್ಲಾಸ್ ಸೈಕಲ್ಲು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಊರು. ಹೋಗುವಾಗ ಕ್ಯಾರಿಯರಿನ ಮೇಲೆ ಒಗೆಯಬೇಕಾದ ಬಟ್ಟೆಯ ಗಂಟು, ಬರುವಾಗ ವಾರಕ್ಕಾಗುವ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗೋಣಿತಟ್ಟಿನಲ್ಲಿ ಸುತ್ತಿದ ಬಾಳೆಯ ಚಿಪ್ಪು. ಆ ದಾರಿಯಲ್ಲಿ ನೆರಳು ಕಡಿಮೆ, ಗಾಳಿ ಹೆಚ್ಚು. ಇಕ್ಕೆಲದಲ್ಲೂ ತೊಗರಿ, ಜೋಳ. ಮಳೆಗಾಲದಲ್ಲಿ ಡಾಂಬರು ಬಿಟ್ಟು ನಾಲ್ಕು ಮಾರು ಹೊಲದ ಕಡೆ ಇಳಿದರೆ ಎರೆಮಣ್ಣು ಗಾಲಿಗೆ ಮೆತ್ತಿ ಮಡ್ಗಾರ್ಡಿನೊಳಗೆ ಗಟ್ಟಿಯಾಗಿ ಕೂತುಬಿಡುವುದು. ಆಗ ಸವಾರನೇ ಸೈಕಲ್ಲನ್ನು ಹೊರಬೇಕು. ಎರೆಯ ಸೀಮೆಯಲ್ಲಿ ಸೈಕಲ್ಲು ಹೊಡೆದವರ ಕೈಯಲ್ಲಿ ಸದಾ ಒಂದು ಕಡ್ಡಿ ಇರುತ್ತಿದ್ದುದು ಇದಕ್ಕೇ.

ಆ ಅಟ್ಲಾಸ್ ಇನ್ನೂ ಮನೆಯ ಹಿತ್ತಲಿನಲ್ಲಿತ್ತು. ತಯಾರಿಸಿದ ಕಂಪನಿ ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಮುಚ್ಚಿತೆಂದು ಓದಿದಾಗ ಹೆಡ್ಮಾಸ್ತರು ಹಿತ್ತಲಿಗೆ ಹೋಗಿ ಅದರ ಸರಪಳಿಗೆ ಎಣ್ಣೆ ಬಿಟ್ಟು ಬಂದಿದ್ದರು. ಏಕೆಂದು ಹೆಂಡತಿ ಕೇಳಲಿಲ್ಲ. ಸಕ್ಕರೆಯ ಕಾಯಿಲೆಗೆ ದಿನವೂ ಮೈ ದಣಿಸಬೇಕೆಂದು ಡಾಕ್ಟರರು ಹೇಳಿ ವರ್ಷವಾಗಿತ್ತು. ಹೆಡ್ಮಾಸ್ತರು ಔಷಧದ ಚೀಟಿಯ ಆ ಒಂದು ಸಾಲನ್ನು ಮಾತ್ರ ಓದಿರಲಿಲ್ಲ.

ಭಾನುವಾರ ಸುತ್ತಳತೆ ಕೇಳಿದವರು ಬುಧವಾರ ಸೈಕಲ್ ಅಂಗಡಿಗೆ ಹೋಗಿ ಎರಡು ಟಯರು ಹಾಕಿಸಿಕೊಂಡು ಬಂದರು. ಮುಂದಿನ ಭಾನುವಾರ ಒಂದು ಒಪ್ಪಂದವಾಯಿತು. ಯಾರು ಮೊದಲು ಸೂಚಿಸಿದರೆಂಬುದರಲ್ಲಿ ಇಂದಿಗೂ ಆ ಮನೆಯಲ್ಲಿ ಒಮ್ಮತವಿಲ್ಲ. ಮಗಳು ಸರೋವರದ ದಕ್ಷಿಣ ತುದಿಯ ಸೇತಾ ಸೇತುವೆಯಿಂದ ಹೊರಟು, ಅಲ್ಲಿಯ ರೂಢಿಯಂತೆ ನೀರನ್ನು ಎಡಕ್ಕಿಟ್ಟುಕೊಂಡು, ಭಾನುವಾರಕ್ಕೆ ಇಪ್ಪತ್ತು ಕಿಲೋಮೀಟರಿನಂತೆ ತುಳಿಯುವುದು. ಸರೋವರದ ಸುತ್ತ ರೈಲು ಇರುವುದರಿಂದ ನಿಂತಲ್ಲಿಂದ ಮನೆಗೆ ಮರಳುವುದು ಸುಲಭ. ತಂದೆ ಅದೇ ಸೇತುವೆಯಿಂದ ಹೊರಟು, ಶಾಸ್ತ್ರೋಕ್ತವಾಗಿ ನೀರನ್ನು ಬಲಕ್ಕಿಟ್ಟುಕೊಂಡು, ದಿನಕ್ಕೆ ಐದು ಕಿಲೋಮೀಟರಿನಂತೆ ತುಳಿಯುವುದು. ಒಂದೇ ವ್ಯತ್ಯಾಸವೆಂದರೆ ಮಗಳು ತುಳಿಯುವುದು ಬಿವಾ ಸರೋವರದ ಸುತ್ತ, ತಂದೆ ತುಳಿಯುವುದು ಕಲಬುರಗಿಯ ಅಪ್ಪನ ಕೆರೆಯ ಸುತ್ತ.

ಅಪ್ಪನ ಕೆರೆಯೆಂದರೆ ಶರಣಬಸವೇಶ್ವರ ಕೆರೆ. ಶರಣಬಸವೇಶ್ವರರ ಗುಡಿಯ ಸನಿಯದಲ್ಲಿ, ಊರ ನಡುವೆಯೇ ಇದೆ. ಬಿವಾದ ಪಕ್ಕ ಇಟ್ಟರೆ ಅದು ಸಮುದ್ರದ ಪಕ್ಕದ ಬೊಗಸೆ. ಸೈಕಲ್ಲಿಗೆ ಬೇರೆ ದಾರಿಯಿಲ್ಲ; ಸುತ್ತಮುತ್ತಲ ಬೀದಿಗಳನ್ನೇ ಹಿಡಿಯಬೇಕು, ಅಲ್ಲಲ್ಲಿ ನೀರು ಕಣ್ಣಿಗೆ ಮರೆಯಾಗುತ್ತದೆ. ಊರು ಬೆಳೆದಂತೆ ಚರಂಡಿಯ ನೀರೂ ಕಳೆಯೂ ಕೆರೆಗೆ ಕೊಟ್ಟ ಕಷ್ಟ ಕಲಬುರಗಿಯವರಿಗೆ ಹೇಳಬೇಕಾದುದಲ್ಲ. ಮೂಗಿಗೆ ಗೊತ್ತಿದ್ದುದನ್ನು ಪತ್ರಿಕೆಗಳೂ ಬರೆದಿವೆ. ಆದರೂ ನವೆಂಬರಿನ ಆರು ಗಂಟೆಯ ಬೆಳಕಿನಲ್ಲಿ, ಗುಡಿಯ ಕಡೆಯಿಂದ ಗಾಳಿ ಬೀಸುವಾಗ, ಆ ನೀರಿಗೂ ಒಂದು ಕಳೆ ಬರುತ್ತದೆ. ಈ ಕಳೆ ಬೇರೆ, ಕೀಳಬೇಕಾದ್ದಲ್ಲ.

ಹೆಡ್ಮಾಸ್ತರ ಮೇಜಿನ ಗಾಜಿನ ಕೆಳಗೆ ಬಿವಾದ ನಕ್ಷೆ ಬಂದು ಕೂತಿತು. ದಿನವೂ ಸುತ್ತು ಮುಗಿಸಿ ಬಂದು, ಕೈಕಾಲು ತೊಳೆದು, ಐದು ಕಿಲೋಮೀಟರಿನಷ್ಟು ಕೆಂಪು ಗೆರೆ ಎಳೆಯುವರು. ಐದನೆಯ ದಿನ ಅವರು ಕಾತಾತಾ ಎಂಬಲ್ಲಿದ್ದರು. ಅಲ್ಲಿ ನೀರಿನೊಳಗೆ ಕಂಬಗಳ ಮೇಲೆ ನಿಂತ ಚಿಕ್ಕ ಬೌದ್ಧ ಮಂದಿರವಿದೆ. ಒಂಬತ್ತು ಹತ್ತನೆಯ ದಿನಕ್ಕೆ ಶಿರಾಹಿಗೆ ಗುಡಿ. ಅದರ ಕೆಂಪು ಮಹಾದ್ವಾರ ನಿಂತಿರುವುದು ದಡದ ಮೇಲಲ್ಲ, ನೀರಿನಲ್ಲಿ. ಹದಿನಾಲ್ಕನೆಯ ದಿನ ಇಮಾಜು. ಅಲ್ಲಿ ಬಂದಾಗ ಮಗಳು ಒಂದು ಸಂಗತಿ ತಿಳಿಸಿದಳು. 1917ರಲ್ಲಿ ಕ್ಯೋತೋದ ಒಂದು ಶಾಲೆಯ ಹುಡುಗರು ದೋಣಿಗೆ ಹುಟ್ಟುಹಾಕುತ್ತ ಸರೋವರವನ್ನು ಸುತ್ತುತ್ತಿದ್ದಾಗ, ಅವರಲ್ಲಿ ಒಗುಚಿ ತಾರೊ ಎಂಬವನು ಪದ್ಯ ಕಟ್ಟಿದನಂತೆ. ಇಮಾಜುವಿನಲ್ಲಿ ತಂಗಿದ ರಾತ್ರಿ ಎಲ್ಲರೂ ಸೇರಿ ಅದನ್ನು ಹಾಡಿದರಂತೆ. ಇಂದಿಗೂ ಬಿವಾದ ಹೆಸರು ಹೇಳಿದರೆ ಜಪಾನಿನ ಮುದುಕರೆಲ್ಲ ಆ ಹಾಡು ಗುನುಗುತ್ತಾರೆ. ಕಟ್ಟಿದವನು ಮಾತ್ರ ಮೂವತ್ತು ಮುಟ್ಟಲಿಲ್ಲ, 1924ರಲ್ಲಿ ತೀರಿಕೊಂಡ. ಹೆಡ್ಮಾಸ್ತರು ಇದನ್ನು ಹೆಂಡತಿಗೆ ಹೇಳಿ, “ವಿದ್ಯಾರ್ಥಿಗಳನ್ನ ಪ್ರವಾಸಕ್ಕ ಕರ್ಕೊಂಡು ಹೋದ್ರ ಇಂಥದೊಂದರ ಬರ್ತದ” ಎಂದರು. ಅವರ ಸೇವಾವಧಿಯ ಪ್ರವಾಸಗಳಲ್ಲಿ ಹುಡುಗರು ಕಟ್ಟಿದ ಪದ್ಯಗಳೆಲ್ಲ ಅವರ ಮೇಲೆಯೇ ಇದ್ದವೆಂಬುದು ಬೇರೆ ವಿಷಯ.

ಆದರೆ ಹೆಡ್ಮಾಸ್ತರನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಇವು ಯಾವುವೂ ಅಲ್ಲ. ಬಿವಾ ಎಂಬುದು ಒಂದು ತಂತಿವಾದ್ಯದ ಹೆಸರು. ಸರೋವರದ ಆಕಾರ ಅದನ್ನು ಹೋಲುವುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ಸರೋವರದ ಉತ್ತರ ಭಾಗದಲ್ಲಿ ಚಿಕುಬು ಎಂಬ ಪುಟ್ಟ ದ್ವೀಪ. ಆ ದ್ವೀಪದಲ್ಲಿ ಬೆಂಜೈತೆನ್ ಎಂಬ ದೇವಿಯ ಪ್ರಸಿದ್ಧ ಸನ್ನಿಧಿ. ಬೆಂಜೈತೆನ್ ಎಂದರೆ ಬೌದ್ಧಧರ್ಮದ ಜೊತೆಗೆ ಚೀನದ ಮಾರ್ಗವಾಗಿ ಜಪಾನು ಸೇರಿದ ಸರಸ್ವತಿಯೇ. ವೀಣೆಯ ಬದಲು ಕೈಯಲ್ಲಿ ಬಿವಾ ಹಿಡಿದಿದ್ದಾಳೆ. ಇದನ್ನು ಕೇಳಿದ ದಿನ ಹೆಡ್ಮಾಸ್ತರು ನಕ್ಷೆಯ ಮುಂದೆ ಬಹಳ ಹೊತ್ತು ಕುಳಿತಿದ್ದರು. ಮೂರು ವರ್ಷ ಅವರ ಮನಸ್ಸಿನಲ್ಲಿ ಮಗಳು ಹೋದ ಊರೆಂದರೆ ಹೆಸರು ಹೇಳಲು ಬಾರದ ಒಂದು ದೂರ. ಅಲ್ಲಿ ತಮ್ಮ ಶಾಲೆಯ ಗೋಡೆಯ ಮೇಲೆ ನಲವತ್ತು ವರ್ಷ ಹೂವೇರಿಸಿದ ದೇವಿಯೇ ನೀರಿನ ನಡುವೆ ಕುಳಿತಿದ್ದಾಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವಳೊಡನೆ ಅವರು ಮಾತಾಡಿರಲಿಲ್ಲ.

“ಹಂಗಿದ್ರ ಮತ್ತ ಪ್ರದಕ್ಷಿಣೆನೇ ಹಾಕಬೇಕು” ಎಂದರು ಆ ಸಂಜೆ.

“ನೀವು ಹಾಕ್ಲಾಕತ್ತೀರಲ್ರಿ, ಸಾಕು” ಎಂದಳು ಮಗಳು.

ಪ್ರದಕ್ಷಿಣೆಯ ಕಷ್ಟ ಮಾತ್ರ ಹೆಡ್ಮಾಸ್ತರಿಗೆ ದಿನದಿನಕ್ಕೆ ತಿಳಿಯುತ್ತಿತ್ತು. ಕೆರೆಯನ್ನು ಬಲಕ್ಕಿಟ್ಟುಕೊಂಡು ರಸ್ತೆಯ ಎಡಬದಿಯಲ್ಲಿ ಹೋದರೆ ಕೆರೆಗೂ ಸವಾರನಿಗೂ ನಡುವೆ ಆಟೋ, ಟಂಟಂ, ಹಾಲಿನ ಗಾಡಿ, ಶಾಲೆಯ ಬಸ್ಸು. ನೀರು ನೋಡಬೇಕಾದರೆ ಇಡೀ ಸಂಚಾರವನ್ನು ದಾಟಿ ನೋಡಬೇಕು. ಮಗಳ ಲೆಕ್ಕ ಸರಿಯಾಗಿತ್ತು. ಹದಿನೇಳನೆಯ ದಿನ ಒಂದು ಆಟೋ ಮೊಳಕೈ ಸವರಿಕೊಂಡು ಹೋಯಿತು. ಹದಿನೆಂಟನೆಯ ದಿನವೂ ಅವರು ಬಲಕ್ಕೇ ಇಟ್ಟುಕೊಂಡು ಸುತ್ತಿದರು, ಮನೆಯಲ್ಲಿ ಹೇಳಲಿಲ್ಲ.

ಇನ್ನೊಂದು ವಿಷಯ ಅವರನ್ನು ಕಾಡಿತು. ಮಗಳು ಕಳಿಸಿದ ಚಿತ್ರಗಳಲ್ಲಿ ನೀರು ತಿಳಿಯಾಗಿತ್ತು. ದಡದಲ್ಲಿ ಇಷ್ಟೊಂದು ಊರು, ಇಷ್ಟೊಂದು ಜನ, ಹೇಗೆ? ಕೇಳಿದರೆ ಮಗಳು ಹುಡುಕಿ ಹೇಳಿದಳು. ಬಿವಾ ಯಾವಾಗಲೂ ಹೀಗಿರಲಿಲ್ಲ. 1977ರಲ್ಲಿ ನೀರಿನ ಮೇಲೆ ಕೆಂಪು ಪಾಚಿ ಎದ್ದು ಸರೋವರ ನಾರಿತ್ತು. ಬಟ್ಟೆ ಒಗೆಯುವ ಪುಡಿಗಳಲ್ಲಿದ್ದ ರಂಜಕ ಅದಕ್ಕೆ ಗೊಬ್ಬರವಾಗುತ್ತಿತ್ತು. ಆಗ ಮುಂದೆ ಬಂದವರು ಹೆಚ್ಚಾಗಿ ಮನೆಯ ಹೆಂಗಸರು. ಆ ಪುಡಿಯನ್ನು ಬಿಟ್ಟು ಹಳೆಯ ಕಾಲದ ಸಾಬೂನಿಗೆ ಮರಳೋಣವೆಂದು ಮನೆಮನೆಗೆ ಹೋಗಿ ಹೇಳಿದರು. ಕಡೆಗೆ ಪ್ರಾಂತ್ಯದ ಸರ್ಕಾರವೇ ಅಂಥ ಪುಡಿಯ ಮಾರಾಟವನ್ನು ತಡೆಯುವ ಕಟ್ಟಳೆ ಮಾಡಿ, 1980ರಲ್ಲಿ ಜಾರಿಗೆ ತಂದಿತು. ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನ ಕುಡಿಯುವುದು ಆ ನೀರನ್ನೇ. ಹೆಡ್ಮಾಸ್ತರು ಹೆಂಡತಿಯ ಕಡೆ ನೋಡಿದರು. “ನನ್ಯಾಕ ನೋಡ್ತೀರಿ? ನಮ್ಮನಿ ಬಚ್ಚಲ ನೀರು ಎಲ್ಲಿ ಹೋಗ್ತದಂತ ನೀವ್ ಎಂದರ ನೋಡೀರೇನು?” ಎಂದರು ಆಕೆ. ಅಲ್ಲಿಗೆ ಆ ಚರ್ಚೆ ನಿಂತಿತು. ಮರುದಿನ ಹೆಡ್ಮಾಸ್ತರು ಸೈಕಲ್ಲು ನಿಲ್ಲಿಸಿ, ಒಂದು ಮೋರಿಯ ಜಾಡು ಹಿಡಿದು ಕೆರೆಯ ದಿಕ್ಕಿಗೆ ಸ್ವಲ್ಪ ದೂರ ನಡೆದು ಹೋಗಿ ಬಂದರು. ಐದು ಕಿಲೋಮೀಟರಿನ ಲೆಕ್ಕಕ್ಕೆ ಅದನ್ನು ಸೇರಿಸಲಿಲ್ಲ.

ಲೆಕ್ಕದ ಪ್ರಕಾರ ತಂದೆ ಮಗಳು ಸಂಧಿಸಬೇಕಾದದ್ದು ನಾಲ್ಕನೆಯ ಭಾನುವಾರ, ಪೂರ್ವ ದಡದ ಹಿಕೊನೆಯಲ್ಲಿ. ಅಲ್ಲಿ 1622ರಲ್ಲಿ ಕಟ್ಟಿ ಮುಗಿಸಿದ ಕೋಟೆಯೊಂದು ಗುಡ್ಡದ ಮೇಲೆ ಇಂದಿಗೂ ಹಾಗೆಯೇ ಉಳಿದಿದೆ. ಜಪಾನಿನಲ್ಲಿ ರಾಷ್ಟ್ರೀಯ ನಿಧಿಯೆನಿಸಿದ ಐದು ಕೋಟೆಗೋಪುರಗಳಲ್ಲಿ ಅದು ಒಂದು. ಕಲಬುರಗಿಯಲ್ಲಿ ಬಹಮನಿ ಕೋಟೆಯ ಬಾಗಿಲಲ್ಲೇ ಬೆಳೆದ ಹುಡುಗಿಗೆ ಕೋಟೆಯೇನೂ ಹೊಸತಲ್ಲ. ಆದರೆ ಮರದ ಕೋಟೆ ಹೊಸತು.

ಆ ದಿನ ಹೆಡ್ಮಾಸ್ತರು ಎಂದಿನಂತೆ ಆರಕ್ಕೆ ಹೊರಟರು. ಜಪಾನಿನ ಗಡಿಯಾರ ಮೂರೂವರೆ ಗಂಟೆ ಮುಂದೆ, ಅಲ್ಲಿ ಒಂಬತ್ತೂವರೆ. ಮಗಳು ಹಿಂದಿನ ವಾರ ನಿಲ್ಲಿಸಿದ ಜಾಗಕ್ಕೆ ರೈಲಿನಲ್ಲಿ ಬಂದು, ಉಳಿದ ಸ್ವಲ್ಪ ದೂರವನ್ನು ತುಳಿದು, ಕೋಟೆಯ ಕಂದಕದ ಬಳಿ ಸೈಕಲ್ಲು ನಿಲ್ಲಿಸಿ ಕಾಯುತ್ತಿದ್ದಳು. ತಂದೆ ಕಡೆಯ ಸುತ್ತನ್ನು ಮುಗಿಸಿ, ಗುಡಿಯ ಎದುರಿನ ಬೇವಿನ ಮರದಡಿ ಇಳಿದು, ಉಸಿರು ಹಿಡಿಯುವವರೆಗೆ ನಿಂತು, ತಮ್ಮ ಫೋನಿನಿಂದ ತಾವೇ ಕರೆ ಮಾಡಿದರು. ಮೂರು ವರ್ಷಗಳಲ್ಲಿ ಅದು ಮೊದಲ ಸಲ.

“ಮುಟ್ಟಿದ್ರೇನ್ರಿ ಅಪ್ಪಾ?”

“ಮುಟ್ಟೀನವ್ವ. ನೀ?”

“ನಾ ಆಗ್ಲೇ ಬಂದೀನ್ರಿ. ಅರ್ಧಾ ತಾಸ ಆಯ್ತು.”

ಮುಂದೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಪ್ರತಿದಿನ ಐದು ಕಿಲೋಮೀಟರಿನಂತೆ ಬಂದವರಿಗೆ ಮುಟ್ಟಿದ ಮೇಲೆ ಏನೆಂಬುದನ್ನು ಯೋಚಿಸಲು ಪುರಸೊತ್ತಾಗಿರಲಿಲ್ಲ. ಹೆಡ್ಮಾಸ್ತರು ಅಲ್ಲಿ ಚಳಿ ಇದೆಯೇ ಎಂದು ಕೇಳಿದರು. ಇದೆ ಎಂದಳು. ಉತ್ತರದ ಕಡೆಯ ನೀರಿಗೆ ದೂರದ ಸೈಬೀರಿಯದಿಂದ ಬಿಳಿಯ ಹಂಸಗಳು ಬಂದಿಳಿಯುವ ಕಾಲವೆಂದಳು. ಕಲಬುರಗಿಯಲ್ಲಿಯೂ ಬೆಳಗಿನ ಹೊತ್ತು ಚಳಿ ಎಂದರು ಇವರು. ಆಮೇಲೆ, ಹುಮನಾಬಾದಿನ ಹುಡುಗನಿಗೆ ಮದುವೆಯಾಯಿತು, ಕೂಸೂ ಆಯಿತು, ಹೆಸರಿಡುವ ದಿನ ತಾವು ಹೋಗಿ ಹೋಳಿಗೆ ಉಂಡು ಬಂದೆವು ಎಂದು, ಹವಾಮಾನದ ಮಾತಿನ ಬೆನ್ನಿಗೇ, ಅದೇ ದನಿಯಲ್ಲಿ ಹೇಳಿದರು.

ಮಗಳು ಸ್ವಲ್ಪ ತಡೆದು, “ನಿಮ್ಮ ಮಾತು ಹೋಯ್ತಲ್ರಿ ನನ್ನಿಂದ” ಎಂದಳು.

“ಮಾತು ಕೊಟ್ಟಾಂವ ನಾ. ನಿನ್ನ ಕೇಳ್ದೇ ಕೊಟ್ಟಿದ್ದೆ. ನನ್ನದಲ್ಲದ್ದು ನಾ ಕೊಟ್ಟಿದ್ದೆ, ಹೋಯ್ತು. ಬಿಡು.”

ಒಂದು ಶಾಲೆಯ ಬಸ್ಸು ಹಾರ್ನು ಹಾಕುತ್ತ ಹಾದುಹೋದದ್ದರಿಂದ ಕಡೆಯ ಮಾತು ಆ ಕಡೆ ಕೇಳಿತೋ ಇಲ್ಲವೋ ಹೆಡ್ಮಾಸ್ತರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳುವ ಧೈರ್ಯವಾಗಲಿಲ್ಲ. ಕೇಳಿತ್ತೆಂಬುದು ಸಂಜೆ ತಿಳಿಯಿತು. ಆ ಸಂಜೆ ಕರೆ ಬಂದದ್ದು ತಾಯಿಯ ಫೋನಿಗಲ್ಲ. ತಾಯಿ ಅಡುಗೆಮನೆಯಿಂದ ಬಂದು, ತಮ್ಮ ಕುರ್ಚಿಯಲ್ಲಿ ಕುಳಿತು, ಪತ್ರಿಕೆಯನ್ನು ಎತ್ತಿಕೊಂಡು, “ಉಂಡಾಳೇನಂತ ಕೇಳ್ರಿ” ಎಂದರು.

ಸಂಧಿಸಿದ ಮೇಲೆ ಸುತ್ತನ್ನು ಅರ್ಧಕ್ಕೆ ಬಿಡಬಹುದಾಗಿತ್ತು. ಅರ್ಧ ಪ್ರದಕ್ಷಿಣೆ ಹಾಕಿದವರಿಲ್ಲವೆಂದು ಹೆಡ್ಮಾಸ್ತರು ಮುಂದುವರಿಸಿದರು. ಡಿಸೆಂಬರಿನ ಮೊದಲ ವಾರ ಕಳೆಯುವಷ್ಟರಲ್ಲಿ ಅವರ ಕೆಂಪು ಗೆರೆ ಸೇತಾ ಸೇತುವೆಯನ್ನು ಮತ್ತೆ ಮುಟ್ಟಿತು. ಮಗಳ ಗೆರೆ ಉತ್ತರದ ಗುಡ್ಡಗಳ ಬಳಿ ಹಿಮಕ್ಕೆ ಸಿಕ್ಕಿ ನಿಂತಿತು. ಮಿಕ್ಕದ್ದು ಬೇಸಗೆಗೆ ಎಂದು ಬಿಟ್ಟು ಅವಳು ರಜೆ ಹಾಕಿ ಊರಿಗೆ ಬಂದಳು.

ಬಂದದ್ದು ಎಳ್ಳಮಾಸಿಯ ಹೊತ್ತಿಗೆ. ಕಲಬುರಗಿಯ ಸೀಮೆಯಲ್ಲಿ ಎಳ್ಳಮಾಸಿಯ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಹೊಲವುಳ್ಳವರು ಹೊಲಕ್ಕೆ, ಇಲ್ಲದವರು ಬಂಧುಗಳ, ಗೆಳೆಯರ ಹೊಲಕ್ಕೆ. ಸಜ್ಜೆಯ ರೊಟ್ಟಿ, ಕಾಳು ಸೊಪ್ಪು ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಹೋಳಿಗೆ ಬುತ್ತಿಗಳಲ್ಲಿ ಹೋಗುತ್ತವೆ. ಪೂಜೆ ಮಾಡಿ, ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂರುವುದು. ಹೆಡ್ಮಾಸ್ತರ ಅಣ್ಣನವರ ಹೊಲ ಕಮಲಾಪುರದಲ್ಲಿದೆ. ಹೆದ್ದಾರಿಯ ಲಾರಿಗಳ ನಡುವೆ ತುಳಿಯುವ ವಯಸ್ಸಲ್ಲವೆಂದು ಹೆಂಡತಿ ಅಡ್ಡ ಬಂದುದರಿಂದ ಅಟ್ಲಾಸೂ, ನೆರೆಯವರಿಂದ ಕೇಳಿ ತಂದ ಇನ್ನೊಂದು ಸೈಕಲ್ಲೂ ಟಂಟಂ ಏರಿ ಊರು ಸೇರಿದವು.

ಊಟವಾದ ಮೇಲೆ ಹಿರಿಯರು ಬಾಳೆಯ ತೋಟದ ನೆರಳಿನಲ್ಲಿ ಒರಗಿದರು. ಮಗಳು ಬೆಳಕೋಟಾದ ಕೆರೆಗೆ ಹೋಗೋಣವೆಂದಳು. ಕಮಲಾಪುರ ತಾಲ್ಲೂಕಿನ ಬೆಳಕೋಟಾದಲ್ಲಿ ಗಂಡೋರಿ ನಾಲೆಗೆ ಕಟ್ಟಿದ ಜಲಾಶಯವಿದೆ. ಜನ ಅದನ್ನು ಕೆರೆ ಎಂದೇ ಕರೆಯುವುದುಂಟು. ತಂದೆ ಮಗಳು ಹೊರಟರು. ತೊಗರಿ ಕೊಯ್ಲಿಗೆ ಬಂದಿತ್ತು. ಒಣಗಿದ ಕಾಯಿ ಗಾಳಿಗೆ ಅಲುಗಿ ಸಣ್ಣಗೆ ಗಲಗಲ ಎನ್ನುತ್ತಿತ್ತು. ಮಗಳು ಮುಂದೆ, ತಂದೆ ಹಿಂದೆ. ಏರು ಬಂದಲ್ಲೆಲ್ಲ ಅವಳು ಇಳಿದು ಕಾಯುವಳು. ಹೆಡ್ಮಾಸ್ತರು ಇಳಿಯದೆ ಏರಿಯೇ ಬರುವೆನೆಂದು ಹಟ ಹಿಡಿದು, ಅರ್ಧ ದಾರಿಯಲ್ಲಿ ಇಳಿಯುವರು.

ಏರಿಯ ಮೇಲೆ ಬಂದಾಗ ನೀರು ಒಮ್ಮೆಲೇ ಕಂಡಿತು. ಮಧ್ಯಾಹ್ನದ ಬಿಸಿಲಿಗೆ ತವರದಂತೆ ಹೊಳೆಯುತ್ತಿತ್ತು. ಆ ದಡದಲ್ಲಿ ಬೆಳ್ಳಕ್ಕಿಗಳು. ಮಗಳು ಸೈಕಲ್ಲನ್ನು ಏರಿಯ ಉದ್ದಕ್ಕೂ ಓಡಿಸಿದಳು. ಏರಿ ಮುಗಿಯಿತು. ಅಲ್ಲಿಂದ ಮುಂದೆ ದಾರಿ ಹೊಲದೊಳಗೆ ಇಳಿದು, ತೊಗರಿಯ ಸಾಲುಗಳಲ್ಲಿ ಸೇರಿಹೋಗಿತ್ತು.

ಇದು ಬಿವಾದಲ್ಲಿ ಕಾಣದ ಕಷ್ಟ. ಸರೋವರವೆಂಬುದು ತಾನಾಗಿ ಆದದ್ದು. ಅದಕ್ಕೆ ಸುತ್ತಲೂ ದಡವಿದೆ, ಆ ದಡ ಲಕ್ಷಾಂತರ ವರ್ಷಗಳಿಂದ ಹೆಚ್ಚುಕಡಿಮೆ ತನ್ನ ಜಾಗದಲ್ಲಿದೆ, ಅದರ ಮೇಲೆ ರಸ್ತೆ ಮಾಡಬಹುದು. ದಖ್ಖನಿನ ಕೆರೆ ಮನುಷ್ಯ ಕಟ್ಟಿದ್ದು. ಹರಿದು ಹೋಗುವ ನೀರಿಗೆ ಒಂದು ಮಗ್ಗುಲಲ್ಲಿ ಏರಿ ಹಾಕಿ ನಿಲ್ಲಿಸಿದರೆ ಅದೇ ಕೆರೆ. ಮಿಕ್ಕ ಮೂರು ಮಗ್ಗುಲಿಗೆ ಅಂಚೆಂಬುದು ಮಳೆರಾಯನ ಇಷ್ಟ. ತುಂಬಿದ ವರ್ಷ ನೀರು ಹೊಲದ ಬದುವನ್ನು ಮುಟ್ಟುತ್ತದೆ. ಬರಗಾಲದಲ್ಲಿ ಅಂಗಳವೆಲ್ಲ ಬಿರಿದು, ದನ ಮೇಯುತ್ತವೆ. ಇಂಥ ಕೆರೆಗೆ 200 ಕಿಲೋಮೀಟರಿನ ನೀಲಿ ಗೆರೆ ಎಳೆಯುವುದು ಹೇಗೆ? ಈ ವರ್ಷ ಎಳೆದರೆ ಬರುವ ವರ್ಷ ನೀರಿನಡಿ ಹೋಗುತ್ತದೆ, ಅಥವಾ ನೀರಿನಿಂದ ಒಂದು ಹರದಾರಿ ದೂರ ಉಳಿಯುತ್ತದೆ.

ಹೊಲದಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರೈತರೊಬ್ಬರು ಇವರನ್ನು ಕಂಡು ಎದ್ದು ಬಂದರು.

“ಎಲ್ಲಿಗ್ ಹೊಂಟೀರಿ ಮಾಸ್ತರ?”

“ಕೆರಿ ಸುತ್ತ ಹಾಕಬೇಕಂತ್ರಿ ನಮ್ಮ ಮಗಳಿಗೆ.”

“ಸುತ್ತಾ ಹಾದಿಲ್ರಿ. ನೀರ ಇಳಿದ ಮ್ಯಾಲ ಬರ್ರಿ, ನಡಕೊಂಡ ಹೋಗಬಹುದು. ಈಗ ಬಂದ ಹಾದಿ ಹಿಡೀರಿ. ಅದಕ್ಕೂ ಮದ್ಲ ಬರ್ರಿ, ಭಜ್ಜಿ ಉಣ್ರಿ.”

ಎಳ್ಳಮಾಸಿಯ ದಿನ ಹೊಲದವರು ಕರೆದರೆ ಇಲ್ಲವೆನ್ನುವ ಪದ್ಧತಿಯಿಲ್ಲ. ಎರಡನೆಯ ಊಟವಾಯಿತು. ಹೆಡ್ಮಾಸ್ತರ ಸಕ್ಕರೆಯ ವಿಷಯವನ್ನು ಮಗಳು ಎತ್ತಿದಳು. ರೈತರ ಮನೆಯವರು ಅದಕ್ಕೆ ಕಿವಿಗೊಡದೆ ಇನ್ನೊಂದು ಹೋಳಿಗೆ ಇಟ್ಟರು. ಜಪಾನಿನಲ್ಲಿ ಏನು ಬೆಳೆಯುತ್ತಾರೆಂದು ಆಕೆ ಕೇಳಿದರು. ಸರೋವರದ ಸುತ್ತ ಬರೀ ಭತ್ತದ ಗದ್ದೆ ಎಂದಳು ಮಗಳು. ತೊಗರಿ ಇಲ್ಲವೆಂದು ತಿಳಿದಾಗ ಆಕೆಗೆ ಆ ದೇಶದವರ ಬಗ್ಗೆ ತುಂಬಾ ಮರುಕವಾಯಿತು.

ಹಿಂದಿರುಗುವಾಗ ಹೊತ್ತು ಇಳಿದಿತ್ತು. ಬರುವಾಗ ಒಂದು ಬದಿಗಿದ್ದ ನೀರು ಈಗ ಇನ್ನೊಂದು ಬದಿಗಿತ್ತು. ಯಾವ ಬದಿಯೆಂದು ಹೆಡ್ಮಾಸ್ತರು ಗಮನಿಸಲಿಲ್ಲ. ಅವರ ಕ್ಯಾರಿಯರಿಗೆ ರೈತರು ಎರಡು ಪಡಿ ಹಸಿ ತೊಗರಿಕಾಯಿಯ ಗಂಟನ್ನು ಕಟ್ಟಿದ್ದರು. ಏರಿನಲ್ಲಿ ಅವರು ಇಳಿದು ನೂಕತೊಡಗಿದಾಗ ಮಗಳು ತನ್ನ ಸೈಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅಟ್ಲಾಸಿನ ಕ್ಯಾರಿಯರಿಗೆ ಕೊಟ್ಟಳು. ಹಂಸಗಳು ಬಿವಾದಲ್ಲಿ ಎಷ್ಟು ದಿನ ಇರುತ್ತವೆ, ಏನು ತಿನ್ನುತ್ತವೆ ಎಂದು ಅವರು ಕೇಳುತ್ತಿದ್ದರು. ಕಮಲಾಪುರದ ದೀಪಗಳು ಕಾಣುವವರೆಗೆ ಅವಳು ಹೇಳುತ್ತಲೇ ಇದ್ದಳು.